ಶ್ರೀಶೈಲ ಪಾದಯಾತ್ರೆ: ಊಟದ ಚಿಂತೆ ಬಿಡಿ, ಮಲಗುವ ಜಾಗ ಮೊದಲು ನೋಡಿಕೊಳ್ಳಿ

ದಾರಿಯಲ್ಲಿ ಸಿಗುವ ಆಂಧ್ರದ ಆತ್ಮಕೂರಿನಲ್ಲಿ 2,200 ರೂಪಾಯಿ ಕೊಟ್ಟು ರೂಮು ಹಿಡಿದರೂ ಅವತ್ತು ರಾತ್ರಿ ನಾಲ್ಕು ತಾಸು ಕೂಡ ಮಲಗಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ (ಮಲ್ಲಿಕಾರ್ಜುನನ) ಹತ್ತಿರ ನಡೆದು ಹೋಗಬೇಕೆಂದು ಮನಸ್ಸು ಮಾಡಿದವರು, ಅದರಲ್ಲೂ ನನ್ನ ಹಾಗೆ ಮೊದಲ ಸಲ ಹೊರಡುವ ಹೆಣ್ಣುಮಕ್ಕಳು, ಓದಿಕೊಂಡು ಹೋಗಲಿ.

ನಾವು ಇಳಕಲ್ ಕಡೆಯವರು. 2025ರ ಯುಗಾದಿ ಮಾರ್ಚ್ 30ಕ್ಕೆ ಇತ್ತು. ನಮ್ಮ ಓಣಿಯಿಂದ ಹದಿನೇಳು ಮಂದಿ, ಎಲ್ಲರ ಮುಂದೆ ಹೆಗಲ ಮೇಲೆ ಹೊತ್ತ ಮಲ್ಲಯ್ಯನ ಕಂಬಿ. ನಮ್ಮ ಚಿಗವ್ವನಿಗೆ ಇದು ಹನ್ನೊಂದನೇ ಸಲ. ಅಲ್ಲಿನ ದೇವಿ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಚಿಗವ್ವ ಒಂದು ಸೀರೆ, ಖಣ, ಉಡಿ ಅಕ್ಕಿಯನ್ನು ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದಳು. ರಾಯಚೂರು ತನಕದ ದಾರಿಯ ಬಗ್ಗೆ ನಾನೇನೂ ಬರೆಯುವುದಿಲ್ಲ. ಅದು ನಮ್ಮದೇ ಸೀಮೆ, ಅಲ್ಲಲ್ಲಿ ಬೀಗರಿದ್ದಾರೆ, ಮಠಗಳಿವೆ. ಮಂತ್ರಾಲಯದ ಹತ್ತಿರ ತುಂಗಭದ್ರೆ ದಾಟಿ ಎಮ್ಮಿಗನೂರು, ಕೋಡುಮೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು ಎಂದು ಹೋಗುವ ದಾರಿಯದೇ ಬೇರೆ ಮಾತು.

ಆ ಹೊತ್ತಿನ ರಾಯಲಸೀಮೆಯ ಬಿಸಿಲಿಗೆ ಹತ್ತು ಗಂಟೆಯ ಮೇಲೆ ಡಾಂಬರಿನ ಮೇಲೆ ಕಾಲಿಡಲು ಆಗುವುದಿಲ್ಲ. ನಸುಕಿನ ಮೂರಕ್ಕೆ ಎದ್ದು ಹೊರಟರೆ ಹತ್ತರ ತನಕ ನಡಿಗೆ, ಆಮೇಲೆ ಸಂಜೆ ನಾಲ್ಕರವರೆಗೆ ಮರದ ನೆರಳು, ಮತ್ತೆ ರಾತ್ರಿ ಒಂಬತ್ತರ ತನಕ ನಡಿಗೆ. ಈ ಲೆಕ್ಕ ಹಿಡಿದರೆ ನಿಮ್ಮ ಮುಖ್ಯ ನಿದ್ದೆ ಮಧ್ಯಾಹ್ನದ್ದು ಎಂದಾಯಿತು. ಅದಕ್ಕೆ ಲಾಡ್ಜು ಬೇಕಾಗಿಲ್ಲ, ಒಂದು ಚಾಪೆ, ಒಂದು ಚಾದರ ಸಾಕು. ಇದು ನನಗೆ ಗೊತ್ತಾದದ್ದು ರೊಕ್ಕ ಕಳೆದುಕೊಂಡ ಮೇಲೆ.

ಅದಕ್ಕಿಂತ ಮೊದಲು ಉಗ್ಗಾಣಿಯ, ಅಂದರೆ ಚುರುಮುರಿ ಒಗ್ಗರಣೆಯ ಮಾತು ಹೇಳಬೇಕು. ನಂದಿಕೊಟ್ಕೂರು ದಾಟಿದ ಮೇಲೆ ರಸ್ತೆಯ ಎಡಕ್ಕೆ ಒಂದು ತಗಡಿನ ಹೋಟೆಲ್, ಬೋರ್ಡಿಲ್ಲ, ಗಂಡ ಹೆಂಡತಿ ಇಬ್ಬರೇ. ನಾವು ಮುಟ್ಟಿದಾಗ ಬೆಳಗಿನ ಆರು ಗಂಟೆ. ಆಕೆ ಬುಟ್ಟಿಯ ತುಂಬ ಚುರುಮುರಿಯನ್ನು ನೀರಿಗೆ ಹಾಕಿ, ನೆನೆದ ಕೂಡಲೇ ಎರಡೂ ಕೈಯಿಂದ ಹಿಂಡಿ ಹಿಂಡಿ ತೆಗೆಯುತ್ತಿದ್ದಳು. ಬಾಣಲೆಯಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ. ಹಿಂಡಿದ ಚುರುಮುರಿ ಬಿದ್ದ ಕೂಡಲೇ ಒಲೆ ಸಣ್ಣ ಮಾಡಿ, ಮೇಲಿನಿಂದ ಪುಟಾಣಿ ಹಿಟ್ಟು ಉದುರಿಸಿ, ಒಂದೇ ಸಲ ತಿರುವಿದಳು. ಹೆಚ್ಚು ತಿರುವಿದರೆ ಮುದ್ದೆಯಾಗುತ್ತದೆ, ಅಷ್ಟು ಗೊತ್ತಿರುವ ಕೈ ಅದು. ಜೊತೆಗೆ ಎರಡು ಮಿರ್ಚಿ ಭಜಿ. ಪ್ಲೇಟಿಗೆ 30 ರೂಪಾಯಿ.

"ಇದು ನಮ್ಮ ಸೂಸಲಾ ಅಲ್ಲೇನ?" ಅಂದಳು ಚಿಗವ್ವ. ಹೌದು, ನಮ್ಮ ಸೂಸಲಾನೇ. ಆದರೆ ನಮ್ಮಲ್ಲಿ ಪುಟಾಣಿ ಹಿಟ್ಟನ್ನು ಇಷ್ಟು ಧಾರಾಳವಾಗಿ ಯಾರೂ ಹಾಕುವುದಿಲ್ಲ, ಭಜಿಯ ಮೆಣಸಿನಕಾಯಿಯನ್ನು ಸೀಳಿ ಒಳಗೆ ವಾಮು (ಅಜವಾನ) ತುಂಬುವವರೂ ಕಡಿಮೆ. ನಾವು ಎರಡೆರಡು ಪ್ಲೇಟು ತಿಂದೆವು. ನಮ್ಮ ಕಂಬಿ ನೋಡಿ ಆಕೆ ಒಲೆ ಬಿಟ್ಟು ಎದ್ದು ಬಂದು ಕೈ ಮುಗಿದಳು. ಚಿಗವ್ವನ ಪ್ಲೇಟಿಗೆ ರೊಕ್ಕ ತೆಗೆದುಕೊಳ್ಳಲಿಲ್ಲ, "ವದ್ದಮ್ಮಾ" ಎಂದು ನೋಟನ್ನು ಅವಳ ಮುಷ್ಟಿಯಲ್ಲೇ ಮಡಚಿಟ್ಟಳು. ಕರ್ನೂಲು ಸೀಮೆಯಲ್ಲಿ ಇಂಥ ತಗಡಿನ ಹೋಟೆಲು ಊರಿಗೆ ನಾಲ್ಕು ಸಿಗುತ್ತವೆ. ಬೆಳಗಿನ ಐದೂವರೆಯಿಂದ ಹತ್ತರೊಳಗೆ ಹೋಗಿ, ಆಮೇಲೆ ಬಾಣಲೆ ಖಾಲಿ. ಹೆದ್ದಾರಿಯ ದೊಡ್ಡ ಹೋಟೆಲುಗಳಲ್ಲಿ ದುಪ್ಪಟ್ಟು ಕೊಟ್ಟು ತಣ್ಣಗಾದ ಇಡ್ಲಿ ತಿನ್ನುವ ಅಗತ್ಯವೇ ಇಲ್ಲ.

ಇನ್ನು ಆ ರೂಮು. ಆತ್ಮಕೂರಿಗೆ ಬರುವಷ್ಟರಲ್ಲಿ ಚಿಗವ್ವನ ಎರಡೂ ಅಂಗಾಲಲ್ಲಿ ಬೊಕ್ಕೆ ಎದ್ದಿದ್ದವು, ಗುಂಪಿನ ಇನ್ನೊಬ್ಬ ಅಕ್ಕನಿಗೆ ಜ್ವರ. ಉಳಿದವರು ಶಾಲೆಯ ಮೈದಾನಕ್ಕೆ ಹೋದರು. "ಅಲ್ಲೇ ಬಿದ್ಕೊಂಡ್ರ ಆಕ್ಕೈತಿ, ರೊಕ್ಕ ಯಾಕ ಕಳೀತಿ ಯವ್ವಾ" ಎಂದು ಚಿಗವ್ವ ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಒಂದು ಲಾಡ್ಜಿನಲ್ಲಿ ರೂಮಿಗೆ 1,200 ಅಂದರು. ಸರಿ ಎಂದು ನಾವು ನಾಲ್ವರು ಹೆಂಗಸರು ಮೆಟ್ಟಿಲು ಹತ್ತಿದ ಮೇಲೆ ತಲೆಗೆ 250 ಬೇರೆ ಎಂದರು. ರಾತ್ರಿ ಒಂಬತ್ತು ಗಂಟೆ, ಜ್ವರದ ಹೆಂಗಸನ್ನು ಮತ್ತೆ ಕೆಳಗಿಳಿಸುವ ಧೈರ್ಯ ಬರಲಿಲ್ಲ, ಕೊಟ್ಟೆವು. ನಲ್ಲಿಯಲ್ಲಿ ನೀರಿಲ್ಲ. ಎರಡು ಬಕೆಟ್ ನೀರು ಬರುವಷ್ಟರಲ್ಲಿ ಹತ್ತೂವರೆ. ಕಣ್ಣು ಹತ್ತಿತು ಅನ್ನುವಾಗ ಬಾಗಿಲು ಬಡಿದರು, ಎರಡು ಗಂಟೆ. ರೂಮು ಕೊಟ್ಟದ್ದು ಐದು ತಾಸಿನ ಲೆಕ್ಕಕ್ಕಂತೆ, ಕೆಳಗೆ ಮುಂದಿನ ಗುಂಪು ಕಾಯುತ್ತಿದೆಯಂತೆ. ನಾನು ಜಗಳ ಮಾಡಿದೆ, ಕಣ್ಣೀರೂ ಹಾಕಿದೆ. ರಸೀದಿ ತೆಗೆದುಕೊಂಡಿರಲಿಲ್ಲ, ಹಾಗಾಗಿ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ.

ಆ ನಡುರಾತ್ರಿ ಶಾಲೆಯ ಮೈದಾನಕ್ಕೆ ಹೋಗಿ ನೋಡಿದರೆ ಶಾಮಿಯಾನ, ನೀರಿನ ಟ್ಯಾಂಕರು, ಹೆಂಗಸರ ಕಡೆಗೆ ಸೀರೆ ಕಟ್ಟಿ ಮಾಡಿದ ಮರೆ, ಕಾಲಿನ ಬೊಕ್ಕೆಗೆ ಪಟ್ಟಿ ಕಟ್ಟುವ ಹುಡುಗರು. ನಮ್ಮವರೆಲ್ಲ ಬಿಸಿ ಅನ್ನ ಉಂಡು ಗಾಢ ನಿದ್ದೆಯಲ್ಲಿದ್ದರು. ಹಾಗಾಗಿ ಹೇಳುತ್ತೇನೆ: ಯಾರಿಗಾದರೂ ರೂಮು ಬೇಕೇಬೇಕು ಅನ್ನಿಸಿದರೆ ಕರ್ನೂಲಿನಲ್ಲೇ ಹಿಡಿಯಿರಿ, ದೊಡ್ಡ ಊರು, ಒಂದು ಕಡೆ ಸರಿಬರದಿದ್ದರೆ ಇನ್ನೊಂದು ಕಡೆ ಹೋಗಬಹುದು. ಎಷ್ಟು ಜನ, ಎಷ್ಟು ತಾಸು, ಎಷ್ಟು ರೊಕ್ಕ ಎಂದು ಚೀಟಿಯ ಮೇಲೆ ಬರೆಸಿಕೊಂಡೇ ಮೆಟ್ಟಿಲು ಹತ್ತಿರಿ. ಆತ್ಮಕೂರಿನಲ್ಲಿ ಮಾತ್ರ ಗುಂಪು ಬಿಡಬೇಡಿ. ಗದ್ದಲ ಆಗದವರಿಗೆ ಆ ಮೈದಾನ ಕಷ್ಟ, ಭಜನೆ ನಿಲ್ಲುವುದೇ ಇಲ್ಲ. ನನಗೆ ಅದು ಜೋಗುಳದ ಹಾಗೆ ಕೇಳಿಸಿತು.

ವೆಂಕಟಾಪುರದ ಆಚೆ ನಲ್ಲಮಲ ಕಾಡು. ಇದು ಹುಲಿ ಸಂರಕ್ಷಿತ ಪ್ರದೇಶ, ಹಬ್ಬದ ಕೆಲವೇ ದಿನ ನಡೆಯುವವರಿಗೆ ಬಿಡುತ್ತಾರೆ, ಆದ್ದರಿಂದ ದಾರಿ ತೆರೆದಿದೆಯೋ ಇಲ್ಲವೋ ಕರ್ನೂಲಿನಲ್ಲೇ ವಿಚಾರಿಸಿಕೊಳ್ಳಿ. ಕಾಡಿನ ಬಾಯಲ್ಲಿ ನಮ್ಮ ಬೆಂಕಿಪೊಟ್ಟಣ ತೆಗೆಸಿದರು, ತೆಗೆಸಬೇಕಾದದ್ದೇ. ಒಣಗಿದ ಎಲೆ ಮೊಣಕಾಲ ತನಕ ಬಿದ್ದಿರುತ್ತದೆ. ನಾಗಲೂಟಿ, ಪೆದ್ದ ಚೆರುವು, ಮಠಂ ಬಾವಿ, ಭೀಮುನಿ ಕೊಳನು, ಕೈಲಾಸದ್ವಾರ, ಹೀಗೆ ಸುಮಾರು 40 ಕಿಲೋಮೀಟರ್. ನಮಗೆ ಎರಡು ದಿನ ಹಿಡಿಯಿತು. ಇಲ್ಲಿ ಲಾಡ್ಜಿಲ್ಲ, ಹೋಟೆಲಿಲ್ಲ, ಆದರೂ ಹಸಿದುಕೊಂಡು ಮಲಗಿದವರನ್ನು ನಾನು ನೋಡಲಿಲ್ಲ.

ಯಾಕೆಂದರೆ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳವರು ಇಲ್ಲಿಗೆ ಬಂದು ದಾಸೋಹ ಹಾಕುತ್ತಾರೆ. ಮನೆಮನೆಯಿಂದ ಕಟಕ (ಒಣ) ರೊಟ್ಟಿ ಕೂಡಿಸಿ, ಬಿಳಿ ಪಂಜೆಯಲ್ಲಿ ಕಟ್ಟಿ, ವಾಹನಕ್ಕೆ ಹೇರಿಕೊಂಡು ಬಂದಿರುತ್ತಾರೆ. ನಾಗಲೂಟಿಯ ವೀರಭದ್ರನ ಗುಡಿಯ ಹತ್ತಿರ ಒಬ್ಬ ಕಾಕಾ, ಎಪ್ಪತ್ತರ ಆಸುಪಾಸು, ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಗಟ್ಟಿ ಮೊಸರು ಹಾಕಿ ಕೊಡುತ್ತಿದ್ದ. ಕೈ ನಡುಗುತ್ತಿತ್ತು, ಮೊಸರು ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ. ಎತ್ತರದ ಮರಗಾಲು ಕಟ್ಟಿಕೊಂಡು ನಡೆಯುವ ಹುಡುಗನೊಬ್ಬ ಬಂದಾಗ, ಅವನು ಕೆಳಗಿಳಿಯುವುದು ಬೇಡವೆಂದು ಕಾಕಾ ಕಲ್ಲಿನ ಮೇಲೆ ಹತ್ತಿ ನಿಂತು ರೊಟ್ಟಿ ಎತ್ತಿ ಕೊಟ್ಟ. ನನಗೆ ಕೊಡುವಾಗ "ಇನ್ನೊಂದ ತಗೋ ತಂಗಿ, ಮುಂದ ಏರು ಐತಿ" ಅಂದ.

ಆ ಮಾತು ಕೇಳಿಕೊಳ್ಳಿ. ಭೀಮುನಿ ಕೊಳನದ ಕಣಿವೆಯಿಂದ ಕೈಲಾಸದ್ವಾರಕ್ಕೆ ಹತ್ತುವ ಮೆಟ್ಟಿಲೇ ಇಡೀ ಯಾತ್ರೆಯ ಕಷ್ಟ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೇ ಶತಮಾನದ ಅರಸ ಪ್ರೋಲಯ ವೇಮಾ ರೆಡ್ಡಿಯದು. ನಾವು ಹತ್ತಿದ ಕಲ್ಲುಗಳು ಒಂದರಂತೆ ಒಂದಿಲ್ಲ, ಕೆಲವು ಮೊಣಕಾಲೆತ್ತರ. ಎರಡು ರೊಟ್ಟಿ ಮಡಚಿ ಚೀಲದಲ್ಲಿಟ್ಟುಕೊಳ್ಳಿ, ನೀರನ್ನು ಕೆಳಗೇ ಪೂರ್ತಿ ತುಂಬಿಕೊಳ್ಳಿ. ರಾತ್ರಿ ಪೆದ್ದ ಚೆರುವಿನಲ್ಲೇ ತಂಗಿ. ದೊಡ್ಡ ಕೆರೆ, ದಾಸೋಹ, ಜನ ಎಲ್ಲ ಅಲ್ಲೇ. ತಾಡಪಾಲು ಹಾಸಿ ಗುಂಪಿನ ನಡುವೆ ಮಲಗಿ, ಬ್ಯಾಟರಿ ಕೈಗೆ ಸಿಗುವ ಹಾಗಿರಲಿ. ಹೆಂಗಸರು ನಸುಕಿನಲ್ಲಿ ಬಯಲಿಗೆ ಹೋಗುವಾಗ ನಾಲ್ಕೈದು ಜನ ಕೂಡಿಯೇ ಹೋಗಿ. ದಾಸೋಹದಲ್ಲಿ ಎಲೆ, ತಟ್ಟೆ ಮುಗಿದುಹೋಗುತ್ತವೆ, ನಿಮ್ಮದೇ ಒಂದು ಸ್ಟೀಲ್ ತಟ್ಟೆ, ಲೋಟ ಇದ್ದರೆ ಸಾಲಿನಲ್ಲಿ ಕಾಯಬೇಕಾಗಿಲ್ಲ, ಕಾಡಿನಲ್ಲಿ ಕಸವೂ ಬೀಳುವುದಿಲ್ಲ.

ಶ್ರೀಶೈಲದಲ್ಲಿ ಹಬ್ಬದ ಹೊತ್ತಿಗೆ ರೂಮು ಹುಡುಕುವುದೇ ಬೇಡ. ಛತ್ರಗಳ ಜಗಲಿ ಕೂಡ ತುಂಬಿತ್ತು. ನಾವು ಬಯಲಿನ ಚಪ್ಪರದಲ್ಲಿ ಎರಡು ರಾತ್ರಿ ಕಳೆದೆವು, ಏನೂ ತೊಂದರೆಯಾಗಲಿಲ್ಲ. ವಯಸ್ಸಾದವರಿದ್ದರೆ ಮಾತ್ರ ತಿಂಗಳುಗಟ್ಟಲೆ ಮೊದಲೇ ಯಾವುದಾದರೂ ಛತ್ರದಲ್ಲಿ ಮಾತಾಡಿ ಇಟ್ಟುಕೊಳ್ಳಿ.

ವಾಪಸು ಬಸ್ಸಿಗೆ ಯುಗಾದಿ ಸಂಜೆ ನಿಲ್ಲಬೇಡಿ. ಮರುದಿನ ಬೆಳಿಗ್ಗೆ ಹೊರಟರೆ ಸೀಟು ಸಿಗುತ್ತದೆ. ದೋರ್ನಾಲ ಕಡೆಯ ಘಾಟಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಶಕ್ತಿ ಯೋಜನೆಯ ಉಚಿತ ಟಿಕೆಟು ರಾಜ್ಯದ ಗಡಿಯಾಚೆ ನಡೆಯುವುದಿಲ್ಲ, ಹೆಣ್ಣುಮಕ್ಕಳು ಬರುವಾಗಿನ ಬಸ್ ಚಾರ್ಜನ್ನು ಸೆರಗಿನ ಗಂಟಿನಲ್ಲಿ ಬೇರೆಯೇ ಕಟ್ಟಿಟ್ಟುಕೊಳ್ಳಿ. ಚಿಗವ್ವ ಕಟ್ಟಿಕೊಂಡಿದ್ದಳು. ಲಾಡ್ಜಿಗೆ ಸುರಿದು ಖಾಲಿಯಾಗಿದ್ದ ನನಗೂ ಟಿಕೆಟ್ ತೆಗೆಸಿದ್ದು ಆ ಗಂಟಿನಿಂದಲೇ.