ಪಿಟೀಲು ಡೈರಿ: ಮೂರನೇ ಮೇಷ್ಟ್ರು ಮತ್ತು ಐದನೇ ಬಾರ್

ವಾರ 1

ವಿಡಿಯೊ ನೋಡಿಕೊಂಡು ಎಂಟು ತಿಂಗಳು ಪಿಟೀಲು ಉಜ್ಜಿದ್ದಾಯಿತು. ನಿನ್ನೆ ನನ್ನದೇ ರೆಕಾರ್ಡಿಂಗ್ ಕೇಳಿದೆ. ಎಣ್ಣೆ ಕಾಣದ ಬಾಗಿಲು ತೆರೆದಂತಿತ್ತು. ವಿಡಿಯೊದವರು ನನಗೆ ಕಾಣುತ್ತಾರೆ, ನಾನು ಅವರಿಗೆ ಕಾಣುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಎದುರಿಗೆ ಕೂರಿಸಿಕೊಂಡು ಕಲಿಸುವವರು ಬೇಕು. ಮೂವರ ಹತ್ತಿರ ಒಂದೊಂದು ಟ್ರಯಲ್ ಕ್ಲಾಸ್ ಗೊತ್ತುಮಾಡಿದ್ದೇನೆ. ಮೂವರ ಮುಂದೆಯೂ ಅದೇ ಎಂಟು ಬಾರ್ (ತಾಳದ ಲೆಕ್ಕಕ್ಕೆ ಭಾಗ ಮಾಡಿದ ಸಂಗೀತದ ಚಿಕ್ಕ ತುಣುಕು) ನುಡಿಸುವುದು, ಯಾರು ಏನು ಹೇಳುತ್ತಾರೋ ನೋಡುವುದು. (ಐದನೇ ಬಾರಿನಲ್ಲಿ ಎಡವುತ್ತೇನೆ. ಅದಕ್ಕೆ ನಟನೆ ಬೇಕಿಲ್ಲ.)

ವಾರ 2

ಮೊದಲನೆಯವರು ಅದ್ಭುತವಾಗಿ ನುಡಿಸುತ್ತಾರೆ. 45 ನಿಮಿಷದಲ್ಲಿ ಮುಕ್ಕಾಲು ಪಾಲು ಅವರೇ ನುಡಿಸಿದರು. ಕಚೇರಿ ಕೇಳಿದ ಖುಷಿಯಲ್ಲಿ ಮನೆಗೆ ಬಂದೆ, ಪೆಟ್ಟಿಗೆ ತೆಗೆದರೆ ಏನು ಮಾಡಬೇಕೆಂದೇ ತೋಚಲಿಲ್ಲ.

ಎರಡನೆಯವರದು ಸುಜುಕಿ ಪದ್ಧತಿ. ಜಪಾನಿನ ಶಿನಿಚಿ ಸುಜುಕಿ (1898–1998) ಹುಟ್ಟುಹಾಕಿದ ದಾರಿ. ಮಗು ಅಕ್ಷರ ಕಲಿಯುವ ಮೊದಲೇ ಮಾತು ಕಲಿಯುತ್ತದಲ್ಲ, ಸಂಗೀತವೂ ಹಾಗೇ ಬರಲಿ ಅನ್ನುವುದು ಅದರ ತಿರುಳು. ದಿನಾ ರೆಕಾರ್ಡಿಂಗ್ ಕೇಳಬೇಕು, ನೊಟೇಶನ್, ಅಂದರೆ ಹಾಳೆಯ ಮೇಲೆ ಬರೆದ ಸ್ವರ ಓದುವುದು, ಆಮೇಲೆ, ಅಪ್ಪನೋ ಅಮ್ಮನೋ ಪಾಠದಲ್ಲಿ ಜೊತೆಗಿದ್ದು ಮನೆಯಲ್ಲೂ ಅಭ್ಯಾಸ ಮಾಡಿಸಬೇಕು. "ನನಗೆ ಯಾರು ಮಾಡಿಸ್ತಾರೆ ಮೇಡಂ?" ಅಂದೆ. "ನಿಮಗೆ ನೀವೇ ಅಮ್ಮ" ಅಂದರು. ಇಲ್ಲೇ ಸೇರಿಬಿಡೋಣ ಅನ್ನಿಸಿತ್ತು. ಆದರೆ ನನಗೆ ಬೇಕಿದ್ದ ಸಹಾಯ ಬೇರೆ: ಒಮ್ಮೆ ಕೇಳಿದ್ದು ಹೇಗೂ ಕಿವಿಯಲ್ಲಿ ನಿಲ್ಲುತ್ತದೆ, ನೊಟೇಶನ್ ಹಾಳೆ ಕಂಡರೆ ಕೈ ಕಟ್ಟುತ್ತದೆ. ಅವರಲ್ಲಿ ದೊಡ್ಡವರಿಗೆ ಬಿಡುವಿನ ವೇಳೆಯೂ ಇರಲಿಲ್ಲ.

ವಾರ 3

ಮೂರನೆಯ ಮೇಷ್ಟ್ರು ನುಡಿಸಿ ತೋರಿಸಲೇ ಇಲ್ಲ. "ಹತ್ತು ನಿಮಿಷ ಇಲ್ಲೇ ಪ್ರಾಕ್ಟೀಸ್ ಮಾಡಿ. ನಾನು ಇಲ್ಲ ಅಂದ್ಕೊಳ್ಳಿ" ಅಂದು ಕಿಟಕಿ ಕಡೆ ತಿರುಗಿ ಕೂತರು. ಶುರು ಮಾಡಿದೆ, ಐದನೇ ಬಾರಿನಲ್ಲಿ ಎಡವಿದೆ, ಮತ್ತೆ ಮೊದಲಿಂದ. ಹೀಗೇ ಆರು ಸಲ. ತಿರುಗಿ ನೋಡದೆಯೇ ಕೇಳಿದರು: "ಮೊದಲ ನಾಲ್ಕು ಬಾರ್ ಆರು ಸಲ ಆಯ್ತು. ಐದನೇದರ ಪ್ರಾಕ್ಟೀಸ್ ಯಾವಾಗ?"

ಎಂಟು ತಿಂಗಳು ನಾನು ಮಾಡಿದ್ದೇ ಅದು.

ಎಡವುತ್ತಿದ್ದದ್ದು ಮೂರನೇ ಬೆರಳು. ಪಿಟೀಲಿನ ನಾಲ್ಕು ತಂತಿಗಳಿಗೆ ಅವುಗಳ ಸ್ವರದ್ದೇ ಹೆಸರು: ಜಿ, ಡಿ, ಎ, ಇ. ಎ ತಂತಿಯ ಮೇಲೆ ಆ ಬೆರಳಿಗೆ ಬರುವ ಸ್ವರ ಡಿ. "ಬೆರಳು ನೋಡ್ಬೇಡಿ, ಪಕ್ಕದ ತಂತಿ ನೋಡಿ" ಅಂದರು. ಬೆರಳಿಡದ ಖಾಲಿ ಡಿ ತಂತಿಯ ಕಂಪನ ಸೆಕೆಂಡಿಗೆ ಸುಮಾರು 293. ನನ್ನ ಬೆರಳಿನ ಡಿ ಸರಿಯಾಗಿ ಅದರ ಎರಡರಷ್ಟಾದರೆ, ಮುಟ್ಟದ ಆ ತಂತಿ ತಾನೇ ಅದುರುತ್ತದೆ. ಬೆರಳನ್ನು ಕೂದಲೆಳೆಯಷ್ಟು ಮುಂದೆ ಜರುಗಿಸಿದೆ. ಡಿ ತಂತಿಯ ಅಂಚು ಮಸುಕಾಯಿತು. ಕಮಾನು ಎತ್ತಿದ ಮೇಲೂ ಅದು ಗುಂಯ್‌ಗುಡುತ್ತಿತ್ತು. ಸರಿಯೋ ತಪ್ಪೋ ಅಂತ ಇನ್ನೊಬ್ಬರನ್ನು ಕೇಳದೆ ಗೊತ್ತಾದ ನನ್ನ ಮೊದಲ ಸ್ವರ.

ಸೇರಿಕೊಂಡೆ. ಫೀಸು, ತಪ್ಪಿದ ಕ್ಲಾಸಿನ ಲೆಕ್ಕ ಎಲ್ಲ ಅವತ್ತೇ ಮಾತಾಡಿದ್ದು ಒಳ್ಳೆಯದಾಯಿತು.

ವಾರ 6

ಅಭ್ಯಾಸದ ಪುಸ್ತಕ ಇಡಿಸಿದ್ದಾರೆ. ಎಷ್ಟು ಹೊತ್ತು ನುಡಿಸಿದೆ ಎಂದು ಬರೆಯುವ ಹಾಗಿಲ್ಲ, ಏನು ಸರಿಹೋಯಿತು ಎಂದಷ್ಟೇ. ಮಂಗಳವಾರದ ಪುಟ ಖಾಲಿ. ಪಾಠಕ್ಕೆ ಹೋದಾಗ ಮೇಷ್ಟ್ರು ಮೊದಲು ಓದುವುದು ಆ ಪುಸ್ತಕವನ್ನೇ, ಪಿಟೀಲು ಆಮೇಲೆ.

ಕಮಾನು ಹಿಡಿಯುವಾಗ ಹೆಬ್ಬೆರಳು ಸೆಟೆದುಕೊಳ್ಳುತ್ತದೆಂದು ದಿನಾ ಐದು ನಿಮಿಷ ಕಮಾನಿನ ಹಾಗೆ ಪೆನ್ಸಿಲ್ ಹಿಡಿಸುತ್ತಿದ್ದಾರೆ. ಬೇಜಾರಿನ ಕೆಲಸ.

ವಾರ 8

ಎಡವಟ್ಟು. ವಾರವಿಡೀ ಡಿ ತಂತಿ ಚೆನ್ನಾಗಿ ಅದುರುತ್ತಿತ್ತು, ಬೀಗುತ್ತಲೇ ಪಾಠಕ್ಕೆ ಹೋದೆ. ಎರಡು ಸ್ವರ ಕೇಳಿದವರೇ ಕೈ ಎತ್ತಿದರು. ತಂತಿ ಬಿಗಿಯುವ ಬಿರಡೆ ಸಡಿಲವಾಗಿ ಡಿ ತಂತಿಯೇ ಇಳಿದಿತ್ತು, ನನ್ನ ಬೆರಳು ನಿಷ್ಠೆಯಿಂದ ಅದರ ಹಿಂದೆಯೇ ಇಳಿದಿತ್ತು. "ಗಡಿಯಾರ ಹಿಂದೆ ಇದ್ರೂ ನೀವು ಅದಕ್ಕೆ ಸರಿಯಾಗಿ ಬಂದಿದ್ದೀರಿ" ಅಂತ ನಕ್ಕರು. ಈಗ ಪ್ರತಿದಿನ ಮೊದಲು ಟ್ಯೂನರ್, ಎ ತಂತಿ ಸೆಕೆಂಡಿಗೆ 440 ಕಂಪನಕ್ಕೆ, ಉಳಿದವು ಅದರ ಹಿಂದೆ.

ವಾರ 9

ಐದನೇ ಬಾರ್ ಮೆಟ್ರೊನೋಮ್ (ತಾಳ ಬಡಿಯುವ ಯಂತ್ರ) ನಿಮಿಷಕ್ಕೆ 52 ಬಡಿತದಲ್ಲಿ ಸತತ ಮೂರು ಸಲ ದಾಟಿತು. 60ಕ್ಕೆ ಏರಿಸಿದರೆ ಕಮಾನು ಇ ತಂತಿಗೆ ತಗಲಿ ಕಿರ್ ಅನ್ನುತ್ತದೆ. ಗುರುವಾರದ ಪಾಠಕ್ಕೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ಬೆರಳು ಸರಿ, ಮೊಣಕೈ ಎತ್ತರ ಕೇಳಬೇಕು.