ಬಡಾವಣೆ ಮನೆಯಲ್ಲಿ ಜೇನುಪೆಟ್ಟಿಗೆ ಎಲ್ಲಿಡಬೇಕು?

"40×60 ಸೈಟು, ಹಿಂದೆ ಸ್ವಲ್ಪ ಹಿತ್ತಲು ಇದೆ. ಅಕ್ಕಪಕ್ಕದವರ ಕಣ್ಣಿಗೆ ಬೀಳದ ಹಾಗೆ ಒಂದು ಜೇನುಪೆಟ್ಟಿಗೆ ಎಲ್ಲಿಡಬಹುದು?" ಹೊಸದಾಗಿ ಜೇನು ಸಾಕಲು ಹೊರಟವರು ಹೆಚ್ಚಾಗಿ ಕೇಳುವುದು ಇದನ್ನೇ. ನಮ್ಮಲ್ಲಿ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು, ಅಂದರೆ ತುಡುವೆ ಜೇನನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತೇನೆ.

ಪೆಟ್ಟಿಗೆ ಮರೆಮಾಡುವುದು ಕಷ್ಟವಲ್ಲ. ತಿಳಿಹಸಿರು ಬಣ್ಣ ಬಳಿದು ದಾಸವಾಳದ ಗಿಡದ ಹಿಂದಿಟ್ಟರೆ ಸಾಕು. ಆದರೆ ಪಕ್ಕದವರಿಗೆ ತೊಂದರೆಯಾಗುವುದು ಪೆಟ್ಟಿಗೆಯಿಂದಲ್ಲ. ಜೇನುನೊಣ ಹಾರುವ ದಾರಿ, ನೀರಿಗೆ ಹೋಗುವ ಜಾಗ, ರಾತ್ರಿಯ ದೀಪ ಇವುಗಳಿಂದ. ಜಾಗ ಆರಿಸುವಾಗ ನೋಡಬೇಕಾದದ್ದು ಇವನ್ನೇ.

ಎದುರಿಗೆ ಬಯಲಿದ್ದರೆ ನೊಣಗಳು ಪೆಟ್ಟಿಗೆಯ ಬಾಗಿಲಿನಿಂದ ಹೊರಟು ಸ್ವಲ್ಪ ದೂರ ಆಳೆತ್ತರದೊಳಗೇ ಹಾರುತ್ತವೆ. ಆ ದಾರಿಯಲ್ಲಿ ಗೇಟು, ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಬರಬಾರದು. ಬಾಗಿಲ ಮುಂದೆ 3–4 ಅಡಿ ಬಿಟ್ಟು 6–7 ಅಡಿ ಎತ್ತರದ ಗೋಡೆಯೋ ಬೇಲಿಯೋ ಶೇಡ್‌ನೆಟ್ಟೋ ಇದ್ದರೆ ನೊಣಗಳು ಅಲ್ಲೇ ಮೇಲೇರಿ ಜನರ ತಲೆಗಿಂತ ಎತ್ತರದಲ್ಲಿ ಕಾಂಪೌಂಡು ದಾಟುತ್ತವೆ. ಬಾಗಿಲು ಪೂರ್ವಕ್ಕೋ ಆಗ್ನೇಯಕ್ಕೋ ಇರಲಿ. ಎಳೆಬಿಸಿಲು ಬಿದ್ದರೆ ಬೇಗ ಮೇವಿಗೆ ಹೊರಡುತ್ತವೆ, ಮುಂಗಾರಿನ ಎರಚಲೂ ಒಳಗೆ ಹೊಡೆಯದು. ಮಧ್ಯಾಹ್ನದ ಮೇಲೆ ನೆರಳು ಬೇಕೇ ಬೇಕು. ಪೆಟ್ಟಿಗೆ ಕಾದರೆ ಒಳಗಿನ ಮೇಣದ ಎರಿ ಮೆತ್ತಗಾಗಿ ಕುಸಿಯುತ್ತದೆ, ಜೇನು ಕುಟುಂಬವೇ ಪೆಟ್ಟಿಗೆ ಬಿಟ್ಟು ಹೋಗಬಹುದು. ಹಿತ್ತಲು ತೀರಾ ಇಕ್ಕಟ್ಟಾಗಿದ್ದರೆ ತಾರಸಿಯೇ ಮೇಲು. ನೀರಿನ ಟ್ಯಾಂಕಿನ ಪೂರ್ವದ ಬದಿಗೆ ಇಟ್ಟರೆ ಮಧ್ಯಾಹ್ನದ ನೆರಳು ಸಿಗುತ್ತದೆ, ಹಾರುವ ದಾರಿಯೂ ಮೊದಲೇ ಎತ್ತರದಲ್ಲಿರುತ್ತದೆ. ಗಾಳಿಗೆ ಮುಚ್ಚಳ ಹಾರದಂತೆ ಹಗ್ಗ ಬಿಗಿಯಿರಿ.

ಪಕ್ಕದವರ ತೊಟ್ಟಿಗೆ ಒಮ್ಮೆ ರೂಢಿಯಾದ ನೊಣಗಳನ್ನು ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಪೆಟ್ಟಿಗೆ ಬರುವ ಮೊದಲೇ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲಿನ ತುದಿ ಒಣಗಿರುವಷ್ಟು ನೀರು ಹಾಕಿಡಿ. ಒಂದು ದಿನವೂ ಬತ್ತಬಾರದು.

ದೀಪವನ್ನು ಯಾರೂ ಯೋಚಿಸುವುದಿಲ್ಲ. ಸಂಜೆ ಕತ್ತಲಾದ ಮೇಲೆ ನೀವು ಆರಿಸಿದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಸುತ್ತ ನೋಡಿ. ಪೆಟ್ಟಿಗೆಯ ಬಾಗಿಲಿಗೆ ನೇರವಾಗಿ ಬೀದಿದೀಪವೋ ಪಕ್ಕದವರ ಬಾಲ್ಕನಿ ಬಲ್ಬೋ ಕಂಡರೆ ಆ ಜಾಗ ಬೇಡ. ಬೆಳಕಿಗೆ ಹೋದ ನೊಣಗಳು ಅಲ್ಲೇ ನೆಲಕ್ಕೆ ಬೀಳುತ್ತವೆ. ಬರಿಗಾಲಲ್ಲಿ ತುಳಿದವರಿಗೆ ಕಚ್ಚುತ್ತವೆ. ಹಾರುವ ದಾರಿಯ ಕೆಳಗೆ ಕಾರು ನಿಲ್ಲಿಸಿದರೆ, ಬಟ್ಟೆ ಒಣಹಾಕಿದರೆ ಹಳದಿ ಚುಕ್ಕೆಗಳು ಬೀಳುತ್ತವೆ. ಅದು ನೊಣಗಳ ಹಿಕ್ಕೆ.

ಸ್ಟ್ಯಾಂಡಿನ ಕಾಲುಗಳು ಇರುವೆ ಹತ್ತದಂತೆ ನೀರಿನ ಬಟ್ಟಲಿನಲ್ಲಿರಲಿ. ಪೆಟ್ಟಿಗೆಗೆ ತಾಗುವ ಒಂದು ಹುಲ್ಲಿನ ಎಸಳೂ ಇರುವೆಗೆ ಸೇತುವೆಯಾಗುತ್ತದೆ, ಸವರಿಬಿಡಿ. ಹಿಂಬದಿಯಲ್ಲಿ ನಿಂತು ಎರಿಯ ಚೌಕಟ್ಟು ಎತ್ತಿ ನೋಡಲು 3 ಅಡಿ ಜಾಗ ಬೇಕು. ಗೋಡೆಗೆ ಅಂಟಿಸಿಟ್ಟರೆ ಬಾಗಿಲ ಮುಂದೆ ನಿಂತೇ ಕೆಲಸ ಮಾಡಬೇಕಾಗುತ್ತದೆ, ಆಗ ನೊಣಗಳು ರೇಗುತ್ತವೆ. ಜಾಗ ತಪ್ಪಿದೆ ಎನಿಸಿದರೆ ಒಮ್ಮೆಗೇ ಹಿತ್ತಲಿನ ಇನ್ನೊಂದು ತುದಿಗೆ ಒಯ್ಯಬೇಡಿ. ಮೇವಿಗೆ ಹೋದವು ಹಳೆಯ ಜಾಗಕ್ಕೇ ಮರಳಿ ಗುಂಪುಗೂಡುತ್ತವೆ. ದಿನಕ್ಕೆ 2–3 ಅಡಿಯಂತೆ ಸರಿಸಿ.

ನೆರೆಯವರಿಂದ ಮುಚ್ಚಿಡುವುದು ಮಾತ್ರ ಬೇಡವೇ ಬೇಡ. ಅವರ ಮನೆಯಲ್ಲಿ ಜೇನು ಕಚ್ಚಿದರೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವವರಿದ್ದಾರೆಯೇ ಎಂದು ಮೊದಲೇ ಕೇಳಿ. ಇದ್ದರೆ ತುಡುವೆ ಇಡುವ ಯೋಚನೆ ಬಿಡಿ. ಹೂವಿನ ಕಾಲದಲ್ಲಿ ಜೇನು ಕುಟುಂಬ ಪಾಲಾಗಿ, ಹೊರಟ ಗುಂಪು ಅವರ ಸಪೋಟ ಮರದಲ್ಲಿ ಕೂತರೆ, ವಿಷಯ ಗೊತ್ತಿದ್ದವರು ನಿಮ್ಮನ್ನು ಕರೆಯುತ್ತಾರೆ. ಗೊತ್ತಿಲ್ಲದವರು ಹೆಜ್ಜೇನೆಂದು ಹೆದರಿ ಬೆಂಕಿಯೋ ವಿಷವೋ ಹಾಕಿಸುತ್ತಾರೆ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಎರಿಯಲ್ಲಿ ರಾಣಿ ಕೋಶ, ಅಂದರೆ ಹೊಸ ರಾಣಿ ಬೆಳೆಯುವ ಗೂಡು ಹುಡುಕಿ; ಅದು ಪಾಲಾಗುವ ಸೂಚನೆ. ಸೊಳ್ಳೆಗೆ ಹೊಗೆ ಹೊಡೆಯುವ ದಿನ ಮೊದಲೇ ತಿಳಿದರೆ, ಹಿಂದಿನ ರಾತ್ರಿ ಬಾಗಿಲಿಗೆ ಗಾಳಿಯಾಡುವ ಜಾಲರಿ ಹಾಕಿ, ಹೊಗೆ ಕರಗಿದ ಕೂಡಲೇ ತೆಗೆಯಿರಿ.

ಎಲ್ಲೂ ಜಾಗ ಹೊಂದದಿದ್ದರೆ ಮೊಜಂಟಿ ಎಂಬ ಪುಟ್ಟ ಜೇನು ಸಾಕಿ. ಅದಕ್ಕೆ ಚುಚ್ಚುವ ಮುಳ್ಳಿಲ್ಲ, ಬಿಸಿಲು ಮಳೆ ತಾಗದ ಸಜ್ಜೆಯ ಕೆಳಗೆ ಸಣ್ಣ ಪೆಟ್ಟಿಗೆ ತೂಗುಹಾಕಿದರೆ ಸಾಕು. ಜೇನುತುಪ್ಪ ಬಹಳ ಕಡಿಮೆ, ಆದರೆ ಹಿತ್ತಲಿನ ತರಕಾರಿ ಹೂಗಳಲ್ಲಿ ಪರಾಗಸ್ಪರ್ಶ ಚೆನ್ನಾಗಿ ನಡೆಯುತ್ತದೆ.