ಪಾಠ ಮಾಡದ ಟೀಚರ್

ನಮ್ಮ ಪ್ರಾಥಮಿಕ ಶಾಲೆಯ ಕೌನ್ಸೆಲರ್ ಟೀಚರ್ ತೀರಿಹೋದ ಸುದ್ದಿ ಕಳೆದ ತಿಂಗಳು ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂತು. ಕೈಮುಗಿದ ಚಿತ್ರಗಳೆಲ್ಲ ಸಾಲಾಗಿ ಬಂದ ಮೇಲೆ ಒಬ್ಬ ಕೇಳಿದ, "ಅವರು ನಮಗೆ ಯಾವ ಸಬ್ಜೆಕ್ಟ್ ತಗೊಳ್ತಿದ್ರು?" ಯಾರಿಗೂ ನೆನಪಾಗಲಿಲ್ಲ. ಹೇಗೆ ನೆನಪಾಗಬೇಕು? ಅವರು ಪಾಠವನ್ನೇ ಮಾಡುತ್ತಿರಲಿಲ್ಲ. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ, ಹೋಮ್‌ವರ್ಕಂತೂ ಇಲ್ಲವೇ ಇಲ್ಲ. ಐದನೇ ಕ್ಲಾಸಿನ ಸಮಾಜ ಪುಸ್ತಕದಲ್ಲಿ ಏನಿತ್ತು ಅಂದರೆ ನಾನು ಹೇಳಲಾರೆ. ಅವರ ಕೋಣೆಯಲ್ಲಿ ಏನೇನಿತ್ತು ಅಂತ ಕೇಳಿ, ಈಗಲೂ ಹೇಳುತ್ತೇನೆ.

ಒಂದು ಗಿಡ್ಡ ಮೇಜು, ಸುತ್ತ ಪುಟ್ಟ ಕುರ್ಚಿಗಳು. ದೊಡ್ಡವರು ಕೂರುವ ಕುರ್ಚಿ ಇರಲಿಲ್ಲ. ಟೀಚರ್ ಒಳ್ಳೇ ಎತ್ತರ. ಆ ಕುರ್ಚಿಯಲ್ಲಿ ಕೂತರೆ ಮೊಣಕಾಲು ಹೆಚ್ಚುಕಡಿಮೆ ಗಲ್ಲದ ಹತ್ತಿರ ಬರುತ್ತಿತ್ತು. ಮೇಜಿನ ಮೇಲೆ ಜೇಡಿಮಣ್ಣು, ತುದಿ ಸವೆದ ಕ್ರೇಯಾನ್, ಕೈಗೆ ತೊಡುವ ಎರಡು ಗೊಂಬೆ. ಗೋಡೆಯ ಮೇಲೆ ಸಾಲಾಗಿ ಮುಖಗಳ ಚಿತ್ರ: ನಗು, ಅಳು, ಸಿಟ್ಟು, ಹೆದರಿಕೆ, ನಾಚಿಕೆ. ಒಳಗೆ ಬಂದವರು ಬಾಯಿಬಿಡಲೇಬೇಕು ಅಂತಿರಲಿಲ್ಲ. ಬೆರಳಿಟ್ಟು ಒಂದು ಮುಖ ತೋರಿಸಿದರೆ ಸಾಕಿತ್ತು. ಏಳೆಂಟು ವರ್ಷದ ಮಗುವಿಗೆ ತನಗಾಗುತ್ತಿರುವುದು ಹೊಟ್ಟೆಕಿಚ್ಚೋ ಬೇಜಾರೋ ಅಂತ ಹೇಳೋಕೆ ಎಲ್ಲಿ ಬರುತ್ತೆ? ಕೈಗೆ ಮಣ್ಣು ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತರೆ ಮಾತು ತಾನಾಗಿ ಹೊರಡುತ್ತಿತ್ತು.

ಅವರು "ಯಾಕೆ" ಅಂತ ಕೇಳಿದ್ದು ನನಗೆ ನೆನಪಿಲ್ಲ. "ಯಾಕೆ ಹೊಡೆದೆ?" ಅಂದರೆ ಹುಡುಗರು ನಿಂತಲ್ಲೇ ಒಂದು ಕಾರಣ ಹುಟ್ಟಿಸುತ್ತಾರೆ. ಇವರು "ಏನಾಯ್ತು, ಮೊದಲಿಂದ ಹೇಳು" ಅನ್ನುತ್ತಿದ್ದರು. ಮೊದಲಿಂದ ಹೇಳುತ್ತಾ ಹೋದರೆ ಹೊಡೆದವನಿಗೇ ಅರ್ಧ ದಾರಿಯಲ್ಲಿ ಕಥೆ ಬೇರೆ ಥರ ಕಾಣುತ್ತಿತ್ತು.

ಗುಟ್ಟಿನ ವಿಷಯವನ್ನು ಮೊದಲೇ ಬಿಡಿಸಿ ಹೇಳಿದ್ದರು. "ಇಲ್ಲಿ ಹೇಳಿದ್ದು ನಾನು ಆಚೆ ಹೇಳಲ್ಲ. ಆದರೆ ಯಾರಾದರೂ ನಿಮಗೆ ತೊಂದರೆ ಕೊಡ್ತಿದ್ದರೆ, ನಿಮಗೆ ನೀವೇ ನೋವು ಮಾಡ್ಕೊಳ್ಳೋ ಯೋಚನೆ ಬಂದರೆ, ಬೇರೆಯವರಿಗೆ ನೋವು ಮಾಡೋ ಯೋಚನೆ ಬಂದರೆ, ಆಗ ನಾನು ಸಂಬಂಧಪಟ್ಟ ದೊಡ್ಡವರಿಗೆ ಹೇಳಲೇಬೇಕು. ಹೇಳೋ ಮುಂಚೆ ನಿಮಗೆ ತಿಳಿಸ್ತೀನಿ." ಇದು ಈ ಕೆಲಸದಲ್ಲಿ ಸಾಮಾನ್ಯವಾಗಿ ಇರುವ ನಿಯಮ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಗ ನಮಗೆ ಅನಿಸಿದ್ದು ಇಷ್ಟೇ: ದೊಡ್ಡವರೊಬ್ಬರು ತಮ್ಮ ಕಡೆಯ ಷರತ್ತನ್ನು ನಮಗೆ ಮೊದಲೇ ಹೇಳಿದ್ದು ಅದೇ ಮೊದಲು.

ನಮ್ಮ ಕ್ಲಾಸಲ್ಲಿ ಒಬ್ಬಳಿಗೆ ರಜೆ ಮುಗಿದ ಮಾರನೇ ದಿನ ತಪ್ಪದೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಅಂದಿದ್ದರು. ನಾಟಕ ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಕೆಲವು ಟೀಚರುಗಳೂ ಹಾಗೇ ಅಂದುಕೊಂಡಿದ್ದರು. ಕೌನ್ಸೆಲರ್ ಟೀಚರ್ ಮಾತ್ರ ಹೊಟ್ಟೆನೋವು ನಿಜ ಅಂದರು. ಹೆದರಿಕೆಯಾದಾಗ ಚಿಕ್ಕ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ, ಅವರೇನೂ ಸುಳ್ಳು ಹೇಳುವುದಿಲ್ಲ. ಹಾಗಂತ ಮನೆಯಲ್ಲಿ ಉಳಿಸಿಕೊಳ್ಳಿ ಅನ್ನಲಿಲ್ಲ. ಉಳಿದಷ್ಟೂ ಮಾರನೇ ದಿನ ಬರುವುದು ಕಷ್ಟ. ಗೇಟಿನ ಹತ್ತಿರ ತಾವೇ ಹೋಗಿ ನಿಂತರು. ಮೊದಲು ಅವರ ಕೋಣೆಯವರೆಗೆ ಮಾತ್ರ. ಆಮೇಲೆ ಪ್ರಾರ್ಥನೆ ಮುಗಿಯುವವರೆಗೆ. ಆಮೇಲೆ ಒಂದು ಪೀರಿಯಡ್. ಹಾಜರಿ ಪುಸ್ತಕವನ್ನು ಆಫೀಸಿಗೆ ಕೊಟ್ಟು ಬರುವ ಕೆಲಸ ಅವಳಿಗೇ ಸಿಕ್ಕಿತು. ನನಗೆ ಅದರ ಮೇಲೆ ಕಣ್ಣಿತ್ತು, ಒಳಗೊಳಗೇ ಉರಿದುಕೊಂಡೆ. ಅವಳ ಅಪ್ಪ ಅಮ್ಮನನ್ನೂ ಕ್ಲಾಸ್ ಟೀಚರನ್ನೂ ಒಟ್ಟಿಗೆ ಕೂರಿಸಿ ಏನು ಮಾತಾಡಿದರೋ ನಮಗೆ ಗೊತ್ತಿಲ್ಲ. ಆ ವರ್ಷದ ಕೊನೆಗೆ ಅವಳು ನಮ್ಮೆಲ್ಲರಿಗಿಂತ ಮೊದಲು ಬಂದು ಗೇಟಲ್ಲಿ ನಿಂತಿರುತ್ತಿದ್ದಳು.

ಈಗ ಗಣಿತದ ಮೇಷ್ಟ್ರ ಕಥೆಗೆ ಬರಬೇಕು. ಅದಿಲ್ಲದಿದ್ದರೆ ಗೆಳೆಯರು ಈ ಲೇಖನವನ್ನು ಒಪ್ಪುವುದಿಲ್ಲ.

ಕೋಣೆಯ ಹೊರಗೆ ಬೀಗ ಹಾಕಿದ ಒಂದು ಪೆಟ್ಟಿಗೆ ಇತ್ತು. ಬಾಯಲ್ಲಿ ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು ಹಾಕಬಹುದಿತ್ತು. ನಮ್ಮ ಗಣಿತದ ಮೇಷ್ಟ್ರು ಸಿಟ್ಟಿಗೆ ಹೆಸರಾದವರು. ಲೆಕ್ಕ ತಪ್ಪಿದರೆ ಡಸ್ಟರ್ ಹಾರುತ್ತಿತ್ತು. ನಾವು ಹಿಂದಿನ ಬೆಂಚಿನವರು ಸೇರಿ ಅವರ ಹೆಸರಲ್ಲಿ ಒಂದು ಚೀಟಿ ಹಾಕಿದೆವು. "ನನಗೆ ತುಂಬ ಸಿಟ್ಟು ಬರುತ್ತದೆ. ಏನು ಮಾಡಲಿ? ಇಂತಿ, ಗಣಿತ ಮೇಷ್ಟ್ರು." ಒಕ್ಕಣೆ ನನ್ನದೇ. ಆಗಲೇ ನನ್ನ ಬರವಣಿಗೆ ಸ್ವಲ್ಪ ಚೆನ್ನಾಗಿತ್ತು ಅಂತ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ.

ವಾರಕ್ಕೊಮ್ಮೆ ಕೌನ್ಸೆಲರ್ ಟೀಚರ್ ನಮ್ಮ ಕ್ಲಾಸಿಗೆ ಬರುತ್ತಿದ್ದರು. ಬಂದವರೇ, "ಸಿಟ್ಟು ಜಾಸ್ತಿ ಅಂತ ಒಬ್ಬರು ಚೀಟಿ ಹಾಕಿದ್ದಾರೆ. ಹೆಸರು ಹೇಳಲ್ಲ, ಪೆಟ್ಟಿಗೆಯ ನಿಯಮ ಗೊತ್ತಲ್ವಾ? ಅವರಿಗೆ ಸಹಾಯ ಮಾಡೋಣ" ಅಂದರು. ನಗು ತಡೆದು ನಮ್ಮ ಮುಖ ಕೆಂಪಾಗಿತ್ತು. ಅವರ ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಸಿಟ್ಟು ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಗುತ್ತೆ ಅಂತ ಕೇಳಿದರು. ಒಬ್ಬ ಕಿವಿ ಅಂದ, ಇನ್ನೊಬ್ಬ ಹಲ್ಲು ಅಂದ. ಅದು ಗೊತ್ತಾದ ಕೂಡಲೇ ಕೈಯಲ್ಲಿರುವುದನ್ನು ಕೆಳಗಿಡಬೇಕು, ನಿಧಾನ ಉಸಿರು ಬಿಡಬೇಕು, ಆಗದಿದ್ದರೆ ಆಚೆ ಹೋಗಿ ನೀರು ಕುಡಿದು ಬರಬೇಕು. ಎಲ್ಲರ ಕೈಲೂ ಮಾಡಿಸಿದರು. ಬಾಗಿಲಲ್ಲಿ ಮುಂದಿನ ಪೀರಿಯಡ್ಡಿಗೆ ಕಾಯುತ್ತಾ ಗಣಿತದ ಮೇಷ್ಟ್ರು ನಿಂತಿದ್ದರು.

ಕೆಲವು ದಿನ ಬಿಟ್ಟು ಒಂದು ಭಾಗಾಕಾರ ಇಡೀ ಕ್ಲಾಸಿಗೆ ತಪ್ಪಿತು. ಮೇಷ್ಟ್ರ ಕಿವಿ ಕೆಂಪಾಯಿತು. ಡಸ್ಟರ್ ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು. ಮೆಲ್ಲಗೆ ಅದನ್ನು ಮೇಜಿನ ಮೇಲಿಟ್ಟು ಆಚೆ ಹೋದರು. ನೀರು ಕುಡಿದು ಬಾಯಿ ಒರೆಸಿಕೊಂಡು ಬಂದು, "ಹೂಂ, ಮೊದಲಿಂದ ಮಾಡೋಣ" ಅಂದರು. ಆ ದಿನ ನಾವು ಯಾರೂ ನಗಲಿಲ್ಲ. ಆ ಕೈಬರಹ ಯಾರದ್ದು ಅಂತ ಕೌನ್ಸೆಲರ್ ಟೀಚರಿಗೆ ಖಂಡಿತ ಗೊತ್ತಿತ್ತು. ಕೊನೆಯವರೆಗೂ ಕೇಳಲಿಲ್ಲ.

ಇಂಥ ಕೆಲಸ ಚಿಕ್ಕ ಮಕ್ಕಳ ಶಾಲೆಗೆ ತಡವಾಗಿಯೇ ಬಂದಿದೆ. 1908ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವವರು ಯುವಕರಿಗೆ ಯಾವ ಉದ್ಯೋಗ ಸರಿಹೋಗುತ್ತದೆ ಅಂತ ತಿಳಿಸಲು ಒಂದು ಕಚೇರಿ ತೆರೆದರು. ಶಾಲಾ ಕೌನ್ಸೆಲಿಂಗಿನ ಬೇರು ಅಲ್ಲಿದೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕಕ್ಕೆ ವಿಜ್ಞಾನದಲ್ಲಿ ಚುರುಕಾದ ಹುಡುಗರು ಬೇಕಾದರು. ಅಂಥವರನ್ನು ಗುರುತಿಸಲಿ ಅಂತ ಮಾರನೇ ವರ್ಷ ಅಲ್ಲಿ ಬಂದ ಕಾಯ್ದೆಯೊಂದು ಪ್ರೌಢಶಾಲೆಗಳ ಕೌನ್ಸೆಲಿಂಗಿಗೆ ದುಡ್ಡು ಕೊಟ್ಟಿತು. ಪ್ರಾಥಮಿಕ ಶಾಲೆಗಳನ್ನು ಅದಕ್ಕೆ ಸೇರಿಸಿದ್ದು 1964ರಲ್ಲಿ. ದೊಡ್ಡ ಹುಡುಗ ಬಂದು ಮುಂದೆ ಏನು ಓದಲಿ ಅಂತ ಕೇಳುತ್ತಾನೆ. ಆರು ವರ್ಷದವನು ಏನನ್ನೂ ಕೇಳಿಕೊಂಡು ಬರುವುದಿಲ್ಲ. ಅವನಿರುವ ಕಡೆ, ಕ್ಲಾಸಿಗೋ ಆಟದ ಮೈದಾನಕ್ಕೋ, ಕೌನ್ಸೆಲರೇ ಹೋಗಬೇಕು.

ಈಗಿನ ಎಷ್ಟೋ ಶಾಲೆಗಳಲ್ಲಿ ಬೋರ್ಡು ದೊಡ್ಡದಾಗಿದೆ, ಹೋಗುವ ಕಾಲು ಕಡಿಮೆಯಾಗಿದೆ. ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘದ ಪ್ರಕಾರ 250 ಮಕ್ಕಳಿಗೆ ಒಬ್ಬರಿರಬೇಕು, ಅವರ ಹೊತ್ತಿನಲ್ಲಿ ಶೇಕಡ 80ರಷ್ಟಾದರೂ ಮಕ್ಕಳ ಕೆಲಸಕ್ಕೇ ಹೋಗಬೇಕು. ನನ್ನ ಮಗಳ ಶಾಲೆಯಲ್ಲೂ ಒಬ್ಬರಿದ್ದಾರೆ. ಒಳ್ಳೆಯವರೇ. ಆದರೆ ಯಾವ ಟೀಚರ್ ರಜೆ ಹಾಕಿದರೂ ಆ ಪೀರಿಯಡ್ ಇವರ ತಲೆಗೆ. ಉಳಿದ ಹೊತ್ತು ಫಾರಂ ತುಂಬುತ್ತಾರೆ. "ಗಲಾಟೆ ಮಾಡಿದರೆ ಕೌನ್ಸೆಲರ್ ಹತ್ತಿರ ಕಳಿಸ್ತೀನಿ" ಅಂತ ಟೀಚರುಗಳು ಹೆದರಿಸುತ್ತಾರೆ. ಹಾಗಂದ ಮೇಲೆ ಯಾವ ಮಗು ತಾನಾಗಿ ಆ ಬಾಗಿಲು ತಟ್ಟುತ್ತೆ?

ನಾನು ಈಗ ದೊಡ್ಡದೊಂದು ವಿಭಾಗ ನೋಡಿಕೊಳ್ಳುತ್ತೇನೆ. ಜಗಳ ಬಂದರೆ ಜನ ನನ್ನ ಹತ್ತಿರವೇ ಬರುತ್ತಾರೆ. ನಾನು ಚೆನ್ನಾಗಿ ಕೇಳಿಸಿಕೊಳ್ಳುತ್ತೇನಂತೆ. ನಾನು ಮಾಡುವುದು "ಏನಾಯ್ತು, ಮೊದಲಿಂದ ಹೇಳಿ" ಅನ್ನುವುದಷ್ಟೇ. ಅದರ ಮೇಲೆ ಎರಡು ಬಡ್ತಿಯೂ ಸಿಕ್ಕಿದೆ.

ಟೀಚರ ನೆನಪಿಗೆ ಶಾಲೆಯಲ್ಲಿ ಹೊಸ ಕೌನ್ಸೆಲಿಂಗ್ ಕೋಣೆ ಮಾಡಿಸಲು ನಮ್ಮ ಬ್ಯಾಚು ದುಡ್ಡು ಹಾಕಿದೆ. ಮಾತುಕತೆಗೆ ನನ್ನನ್ನೇ ಮುಂದೆ ಬಿಟ್ಟರು. ನಾನು ಮೂರು ಷರತ್ತು ಹಾಕಿದೆ. ಕೋಣೆ ಹೆಡ್‌ಮಾಸ್ಟರ ಆಫೀಸಿನ ಪಕ್ಕ ಬೇಡ. ಒಳಗೆ ಹೋಗುವ ಮಕ್ಕಳು ಸ್ಟಾಫ್ ರೂಮಿಗೆ ಕಾಣಬಾರದು. ಬೇರೆಯವರ ಪೀರಿಯಡ್ ತುಂಬುವ ಪಟ್ಟಿಯಲ್ಲಿ ಕೌನ್ಸೆಲರ್ ಹೆಸರು ಇರಬಾರದು. ಮೊದಲ ಎರಡಕ್ಕೆ ಆಡಳಿತ ಮಂಡಳಿ ಒಪ್ಪಿದೆ. ಮೂರನೆಯದಕ್ಕೆ "ನೋಡೋಣ" ಅಂದಿದ್ದಾರೆ. ಬರೆದುಕೊಡಿ ಅಂತ ನಾನು ಪಟ್ಟು ಹಿಡಿದಿದ್ದೇನೆ.